ಫಿಲ್ಮಿನ ಕಪ್ಪು ಜಾಗ

ಆಪರೇಷನ್ನಿಗೆ ಮುನ್ನ ತೆಗೆಸಿದ ಸ್ಕ್ಯಾನಿನಲ್ಲಿ ಎಲ್ಲರೂ ನೋಡುವುದು ಗಂಟನ್ನು. ಅರಿವಳಿಕೆ ತಜ್ಞರಿಗೆ ಬೇಕಾದದ್ದು ಗಂಟಿನ ಪಕ್ಕದಲ್ಲಿ ಉಳಿದಿರುವ ಸಂದು. ಉಸಿರಿನ ದಾರಿಯನ್ನು ಹಿಂದಿನ ದಿನವೇ ಓದಿಟ್ಟುಕೊಳ್ಳುವ ಈ ವಿದ್ಯೆಗೆ ಅಡಿಕೆ ನಾಡಿನಲ್ಲಿ ವಿಶೇಷ ಅರ್ಥವಿದೆ.

"ಬಾಯಿ ತೆಗೀರಿ ಯಜಮಾನ್ರೇ. ಆದಷ್ಟೂ ದೊಡ್ಡದಾಗಿ."

"ಇದೇ ದೊಡ್ಡದು ಮೇಡಂ."

ಅರಿವಳಿಕೆ ತಜ್ಞೆ ತೋರುಬೆರಳು, ನಡುಬೆರಳನ್ನು ಒಂದರ ಮೇಲೊಂದು ಜೋಡಿಸಿ ಅವರ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಹಿಡಿದರು. ಎರಡು ಬೆರಳು ಹೋಗಲಿಲ್ಲ. ಒಂದು ಹೋಯಿತು, ಅದರ ಮೇಲೆ ಚೂರು ಜಾಗ ಉಳಿಯಿತು. ಮೂರು ಬೆರಳು ಸಲೀಸಾಗಿ ಹಿಡಿಸಬೇಕಿದ್ದ ಬಾಯಿ ಅದು. ಕೆನ್ನೆಯ ಒಳಗೆ ಬೆರಳಾಡಿಸಿದರೆ ಮೆತ್ತಗಿರಬೇಕಾದ ಜಾಗದಲ್ಲಿ ಹುರಿಹಗ್ಗ ಬಿಗಿದ ಹಾಗೆ ಗಟ್ಟಿ ಎಳೆಗಳು.

"ಎಷ್ಟು ವರ್ಷದಿಂದ ಕವಳ?"

"ಲೆಕ್ಕ ಇಟ್ಟಿಲ್ಲ" ಎಂದರು ಅವರು. ಲೆಕ್ಕ ಇಟ್ಟವರು ಹೆಂಡತಿ. "ನಾನು ಮದುವೆಯಾಗಿ ಬಂದಾಗಲೇ ಹಾಕ್ತಿದ್ರು. ಮೂವತ್ತೆರಡು ವರ್ಷ ಆಯ್ತು."

ಶಿರಸಿ ಕಡೆಯ ತೋಟದ ಈ ಯಜಮಾನರು ಒಬ್ಬ ವ್ಯಕ್ತಿಯಲ್ಲ. ಅರಿವಳಿಕೆಗೆ ಮುಂಚಿನ ತಪಾಸಣೆ ನಡೆಯುವ ಕೋಣೆಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ಹಲವರನ್ನು ಕಲಸಿ ಮಾಡಿಕೊಂಡ ಒಬ್ಬರು. ಆಸ್ಪತ್ರೆಯವರು ಆ ತಪಾಸಣೆಯನ್ನು 'ಪಿಎಸಿ' ಎನ್ನುತ್ತಾರೆ, ರೋಗಿಗಳ ಕಡೆಯವರು 'ಫಿಟ್‌ನೆಸ್ ತಗೊಳ್ಳೋದು' ಎನ್ನುತ್ತಾರೆ. ನಮ್ಮ ಯಜಮಾನರಿಗೆ ನಾಲಿಗೆಯ ಬುಡದಲ್ಲಿ ಗಂಟು. ಹೆಂಡತಿ ಬಟ್ಟೆಯ ಚೀಲದಿಂದ ಸ್ಕ್ಯಾನಿಂಗ್ ಕವರ್ ತೆಗೆದುಕೊಟ್ಟರು. ತಜ್ಞೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಅದೇ ಫಿಲ್ಮನ್ನು ಹಿಂದಿನ ದಿನ ಸರ್ಜನ್ ನೋಡಿದ್ದರು. ಗಂಟು ಎಷ್ಟು ದೊಡ್ಡದು, ನಡುಗೆರೆ ದಾಟಿದೆಯೇ, ಕುತ್ತಿಗೆಯ ಗ್ರಂಥಿಗಳಿಗೆ ಇಳಿದಿದೆಯೇ ಎಂದು ಅಳೆದಿದ್ದರು. ಎರಡು ಪುಟದ ವರದಿಯೂ ಅದನ್ನೇ ಹೇಳುತ್ತಿತ್ತು. ಈಕೆ ಗಂಟನ್ನು ಬಿಟ್ಟು, ಅದರ ಹಿಂದೆ ಅಡಿಕೆ ಹೋಳಿನ ದಪ್ಪಕ್ಕೆ ಉಳಿದಿದ್ದ ಕಪ್ಪು ಸೀಳಿನ ಮೇಲೆ ಬೆರಳಿಟ್ಟರು. ಅಲ್ಲಿ ಎಷ್ಟು ಮಿಲಿಮೀಟರ್ ಇದೆ? ವರದಿಯಲ್ಲಿ ಅದೊಂದು ಇರಲಿಲ್ಲ.

ಸಿ.ಟಿ. ಚಿತ್ರದಲ್ಲಿ ಗಾಳಿ ಕಪ್ಪಾಗಿ ಕಾಣುತ್ತದೆ. ಆ ಯಂತ್ರ ಕಟ್ಟಿದ ಬ್ರಿಟನ್ನಿನ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಹೆಸರಿನಲ್ಲೇ ಒಂದು ಅಳತೆಗೋಲಿದೆ. ಅದರಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆಗೆ ಸಾವಿರದ ಆಸುಪಾಸು. ಮಾಂಸ, ಗಂಟು, ರಕ್ತನಾಳ ಎಲ್ಲವೂ ಸೊನ್ನೆಗಿಂತ ತುಸು ಮೇಲೆ, ಬೂದುಬಣ್ಣದ ಸಂತೆಯಲ್ಲಿ. ರೋಗವನ್ನು ಆ ಬೂದಿನಲ್ಲಿ ಹುಡುಕಬೇಕು. ಉಸಿರಿನ ದಾರಿಯನ್ನು ಕಪ್ಪಿನಲ್ಲಿ ಹುಡುಕಬೇಕು. ಚಿತ್ರ ಒಂದೇ, ಕೇಳುವ ಪ್ರಶ್ನೆ ಬೇರೆ.

ಎಂಟು ನಿಮಿಷದ ಬಂಡವಾಳ

'ಮತ್ತು ಬರಿಸೋ ಡಾಕ್ಟ್ರು' ಎಂದು ಜನ ಕರೆಯುತ್ತಾರೆ. ಮತ್ತು ಬರಿಸುವುದು ಕೈಯ ನರಕ್ಕೆ ಕೊಡುವ ಒಂದು ಚುಚ್ಚುಮದ್ದಿನ ಕೆಲಸ. ಕಷ್ಟ ಇರುವುದು ಅದರಾಚೆಗೆ. ಎಚ್ಚರವಿರುವಾಗ ನಾಲಿಗೆ, ಅಂಗುಳು, ಗಂಟಲಿನ ಸ್ನಾಯುಗಳು ನಮಗೆ ಗೊತ್ತೇ ಆಗದಂತೆ ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಟ್ಟಿರುತ್ತವೆ. ಮದ್ದು ಏರಿದೊಡನೆ ಅವು ಸಡಿಲವಾಗುತ್ತವೆ, ನಾಲಿಗೆ ಹಿಂದಕ್ಕೆ ಜಾರುತ್ತದೆ. ಸ್ನಾಯು ಸಡಿಲಿಸುವ ಔಷಧವನ್ನೂ ಕೊಟ್ಟ ಮೇಲೆ ಎದೆಗೂಡು ತಾನಾಗಿ ಏಳುವುದಿಲ್ಲ. ಅಲ್ಲಿಂದ ಮುಂದೆ ಆ ಮನುಷ್ಯನ ಉಸಿರು ಇನ್ನೊಬ್ಬರ ಕೈಯಲ್ಲಿ. ಬಾಯಿಂದಲೋ ಮೂಗಿನಿಂದಲೋ ಪ್ಲಾಸ್ಟಿಕ್ ಕೊಳವೆಯೊಂದನ್ನು ಧ್ವನಿತಂತುಗಳ ನಡುವೆ ತೂರಿಸಿ ಶ್ವಾಸನಾಳಕ್ಕೆ ಇಳಿಸಬೇಕು. ಓಟಿಯ ಮಾತಿನಲ್ಲಿ ಇದು 'ಟ್ಯೂಬ್ ಹಾಕೋದು'.

ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುವ ಕೆಲಸ. ಮುಗಿಯದಿದ್ದರೆ? ಬರೀ ಗಾಳಿ ಉಸಿರಾಡುತ್ತಿದ್ದವರ ಉಸಿರು ನಿಂತರೆ ಒಂದೆರಡು ನಿಮಿಷದಲ್ಲಿ ರಕ್ತದ ಆಮ್ಲಜನಕ ಕುಸಿಯತೊಡಗುತ್ತದೆ. ಅದಕ್ಕೇ ಮದ್ದು ಕೊಡುವ ಮುನ್ನ ಮೂರು ನಿಮಿಷ ಮಾಸ್ಕಿನಿಂದ ಶುದ್ಧ ಆಮ್ಲಜನಕ ಕೊಟ್ಟು ಶ್ವಾಸಕೋಶವನ್ನು ತುಂಬಿಸಿಡುತ್ತಾರೆ. ಆರೋಗ್ಯವಂತ ವಯಸ್ಕರಿಗೆ ಈ ಬಂಡವಾಳ ಸುಮಾರು ಎಂಟು ನಿಮಿಷ ಬರುತ್ತದೆ. ದಪ್ಪ ಮೈಯವರಿಗೆ, ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ ಅದರ ಅರ್ಧವೂ ಬರುವುದಿಲ್ಲ. ಟ್ಯೂಬೂ ಹೋಗದೆ, ಮಾಸ್ಕಿನಿಂದ ಗಾಳಿಯೂ ಹೋಗದೆ ನಿಂತರೆ ಉಳಿಯುವುದು ಕುತ್ತಿಗೆಯ ಮುಂಭಾಗವನ್ನು ಸೀಳುವ ಒಂದೇ ದಾರಿ.

ಇದು ಅಪರೂಪ. ಅಪರೂಪವಾದ್ದರಿಂದಲೇ ಕೈ ಪಳಗಿರುವುದಿಲ್ಲ. 2008–09ರಲ್ಲಿ ಇಡೀ ಬ್ರಿಟನ್ ಒಂದು ವರ್ಷ ಕಾಲ ಇಂಥ ಅನಾಹುತಗಳ ಲೆಕ್ಕ ಇಟ್ಟಿತು. ವರ್ಷಕ್ಕೆ ಸುಮಾರು 29 ಲಕ್ಷ ಜನರಲ್ ಅನಸ್ತೇಶಿಯಾ ಕೊಡುವ ದೇಶದಲ್ಲಿ, ಅರಿವಳಿಕೆಯ ವೇಳೆ ಉಸಿರಿನ ದಾರಿ ಕೈಕೊಟ್ಟು ಗಂಭೀರ ಹಾನಿಯಾದ 133 ಪ್ರಕರಣಗಳು ವರದಿಯಾದವು, 16 ಮಂದಿ ತೀರಿಕೊಂಡರು. ಲಕ್ಷಗಳ ಲೆಕ್ಕದಲ್ಲಿ ಸಣ್ಣ ಸಂಖ್ಯೆ. ಆದರೆ 2011ರಲ್ಲಿ ಹೊರಬಂದ ಆ ವರದಿ ಎರಡು ಸಂಗತಿಗಳತ್ತ ಬೊಟ್ಟು ಮಾಡಿತು. ಒಂದು, ವರದಿಯಾದ ಪ್ರಕರಣಗಳಲ್ಲಿ ಹತ್ತಿರಹತ್ತಿರ ಶೇ 40ರಷ್ಟು ತಲೆ–ಕುತ್ತಿಗೆಯ ಕಾಯಿಲೆಯವು. ಇನ್ನೊಂದು, ಮತ್ತೆ ಮತ್ತೆ ಕಂಡ ತಪ್ಪು ಕೈಚಳಕದ್ದಲ್ಲ, ಮುಂದಾಲೋಚನೆಯದ್ದು. ಮೊದಲ ಉಪಾಯ ಕೈಕೊಟ್ಟರೆ ಮುಂದೇನು ಎಂದು ಯೋಚಿಸಿಯೇ ಇರಲಿಲ್ಲ.

ಬೆರಳು, ಕನ್ನಡಿ, ಕಿರುನಾಲಿಗೆ

ಗಂಟಲಿನ ಒಳಗನ್ನು ನೋಡುವ ಹಂಬಲ ಹಳೆಯದು. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು ತನ್ನದೇ ಧ್ವನಿತಂತುಗಳನ್ನು ಪುಟ್ಟ ಕನ್ನಡಿ ಮತ್ತು ಬಿಸಿಲಿನ ಬೆಳಕಿನಿಂದ ನೋಡಿಕೊಂಡ. ವೈದ್ಯನಲ್ಲದ ಆತ ಹುಡುಕುತ್ತಿದ್ದದ್ದು ಸ್ವರ ಹುಟ್ಟುವ ಜಾಗವನ್ನು. 1878ರಲ್ಲಿ ಗ್ಲಾಸ್ಗೋದ ಸರ್ಜನ್ ವಿಲಿಯಂ ಮೆಕ್ಯೂಯಿನ್ ಎದುರಿಗೆ ಒಬ್ಬ ರೋಗಿ ಬಂದ. ನಾಲಿಗೆಯ ಬುಡದಲ್ಲಿ ಕ್ಯಾನ್ಸರ್, ನಮ್ಮ ಯಜಮಾನರ ಹಾಗೆಯೇ. ಕುತ್ತಿಗೆಯಲ್ಲಿ ತೂತು ಮಾಡುವುದು ಅಂದಿನ ರೂಢಿ. ಮೆಕ್ಯೂಯಿನ್ ಹಾಗೆ ಮಾಡದೆ, ರೋಗಿ ಎಚ್ಚರವಾಗಿದ್ದಂತೆಯೇ ಬೆರಳಿನ ಸ್ಪರ್ಶವನ್ನೇ ನಂಬಿ ಲೋಹದ ಕೊಳವೆಯನ್ನು ಬಾಯಿಂದ ಶ್ವಾಸನಾಳಕ್ಕೆ ಇಳಿಸಿ, ಆಮೇಲೆ ಕ್ಲೋರೋಫಾರಂ ಕೊಡಿಸಿದ. ಅದಕ್ಕೆ ಮೊದಲು ಹೆಣಗಳ ಮೇಲೆ ಅಭ್ಯಾಸ ಮಾಡಿದ್ದ. ಆಪರೇಷನ್ನಿಗೆ ಮುನ್ನ ದಾರಿ ಗೊತ್ತಿರಬೇಕು ಎಂಬ ಪಾಠ ಈ ವಿದ್ಯೆಯ ಹುಟ್ಟಿನಲ್ಲೇ ಇದೆ.

ಇಂದಿಗೂ ಪಿಎಸಿ ಕೋಣೆಯಲ್ಲಿ ನಡೆಯುವ ಒಂದು ಪರೀಕ್ಷೆಗೆ ತೆಲುಗರೊಬ್ಬರ ಹೆಸರಿದೆ. "ಬಾಯಿ ತೆಗೆದು ನಾಲಿಗೆ ಚಾಚಿ" ಎಂದು ಹೇಳಿ ಕಿರುನಾಲಿಗೆ ಎಷ್ಟು ಕಾಣುತ್ತದೆಂದು ನೋಡುವ ಕ್ರಮವನ್ನು ರೂಪಿಸಿದವರು ಆಂಧ್ರ ಮೂಲದ ಡಾ. ಶೇಷಗಿರಿ ರಾವ್ ಮಲ್ಲಂಪಾಟಿ. ಬಾಸ್ಟನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅವರು 1985ರಲ್ಲಿ 210 ರೋಗಿಗಳ ಅಧ್ಯಯನ ಪ್ರಕಟಿಸಿದರು. ಕಿರುನಾಲಿಗೆ ಪೂರ್ತಿ ಕಂಡರೆ ಟ್ಯೂಬ್ ಸಲೀಸು, ನಾಲಿಗೆಯ ಹಿಂದೆ ಮರೆಯಾದರೆ ಕಷ್ಟದ ಸೂಚನೆ. ಇದರ ಜೊತೆಗೆ ಬಾಯಿ ಎಷ್ಟು ತೆರೆಯುತ್ತದೆ, ಗದ್ದದಿಂದ ಗಂಟಲಿನ ಉಬ್ಬಿಗೆ ಎಷ್ಟು ದೂರ, ಕುತ್ತಿಗೆ ಎಷ್ಟು ಹಿಂದಕ್ಕೆ ಬಾಗುತ್ತದೆ ಎಂಬ ಅಳತೆಗಳು. ಕಾಸು ಖರ್ಚಿಲ್ಲದ, ಎರಡೇ ನಿಮಿಷದ ಪರೀಕ್ಷೆಗಳು.

ಕೊರತೆಯೂ ಇದೆ. ಡೆನ್ಮಾರ್ಕಿನಲ್ಲಿ 1,88,064 ರೋಗಿಗಳ ದಾಖಲೆ ತೆಗೆದು ನೋಡಿದಾಗ ಟ್ಯೂಬ್ ಹಾಕಲು ನಿಜಕ್ಕೂ ಕಷ್ಟವಾದದ್ದು 3,391 ಮಂದಿಗೆ. ಅವರಲ್ಲಿ ಶೇ 93ರಷ್ಟು ಜನರ ವಿಷಯದಲ್ಲಿ ವೈದ್ಯರಿಗೆ ಮೊದಲು ಸುಳಿವೇ ಇರಲಿಲ್ಲ. ಕಷ್ಟವಾಗಬಹುದೆಂದು ಅಂದಾಜಿಸಿದವರಲ್ಲಿ ನಿಜಕ್ಕೂ ಕಷ್ಟವಾದದ್ದು ನಾಲ್ವರಲ್ಲಿ ಒಬ್ಬರಿಗೆ. 2015ರಲ್ಲಿ ಪ್ರಕಟವಾದ ಈ ಲೆಕ್ಕ ಅರಿವಳಿಕೆ ತಜ್ಞರ ಅಹಂಕಾರ ಇಳಿಸಿದ ಲೆಕ್ಕ. ಬಾಯಿಯ ಬಾಗಿಲಲ್ಲಿ ನಿಂತು ಇಣುಕಿದರೆ ಕಾಣುವುದು ಮೊದಲ ಅಂಕಣ ಮಾತ್ರ. ತೊಡಕು ಇರುವುದು ನಡುಮನೆಯಲ್ಲಿ, ಹಿತ್ತಿಲಲ್ಲಿ.

ಕಪ್ಪಿನ ಲೆಕ್ಕ

ಆ ನಡುಮನೆಯನ್ನು ತೋರಿಸುವುದು ಸಿ.ಟಿ. ಮೊದಲ ಸಿ.ಟಿ. ಸ್ಕ್ಯಾನ್ ನಡೆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನಲ್ಲಿ, ಮೆದುಳಿನ ಗಂಟು ಇದ್ದ ರೋಗಿಯೊಬ್ಬರಿಗೆ. 1979ರ ನೊಬೆಲ್ ಪ್ರಶಸ್ತಿಯನ್ನು ಹೌನ್ಸ್‌ಫೀಲ್ಡ್ ಜೊತೆ ಹಂಚಿಕೊಂಡವರು ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್. ತಮಾಷೆಯೆಂದರೆ ಅರಿವಳಿಕೆ ಕಲಿಯುವವರಿಗೆ ಕಾರ್ಮ್ಯಾಕ್ ಎಂದರೆ ಬೇರೊಬ್ಬರು. ಟ್ಯೂಬ್ ಹಾಕುವಾಗ ಧ್ವನಿತಂತು ಎಷ್ಟು ಕಾಣುತ್ತದೆಂಬುದನ್ನು 1984ರಲ್ಲಿ ಲೆಹೇನ್ ಎಂಬವರ ಜೊತೆ ನಾಲ್ಕು ದರ್ಜೆಗಳಾಗಿ ವಿಂಗಡಿಸಿದವರು ಆ ಕಾರ್ಮ್ಯಾಕ್. ಒಬ್ಬರ ಲೆಕ್ಕದಿಂದ ಮುಂಚಿತವಾಗಿ ನೋಡುತ್ತೇವೆ, ಇನ್ನೊಬ್ಬರ ದರ್ಜೆಯಿಂದ ನೋಡಿದ್ದನ್ನು ಬರೆದಿಡುತ್ತೇವೆ.

ಕಪ್ಪನ್ನು ಓದುವವರು ಫಿಲ್ಮಿಗೆ ಕೇಳುವ ಪ್ರಶ್ನೆಗಳು ನೇರವಾಗಿವೆ. ಅತಿ ಕಿರಿದಾದ ಜಾಗ ಎಲ್ಲಿದೆ? ಅಲ್ಲಿ ಎಷ್ಟು ಮಿಲಿಮೀಟರ್? ಧ್ವನಿತಂತುವಿನಿಂದ ಎಷ್ಟು ಕೆಳಗೆ, ಶ್ವಾಸನಾಳ ಕವಲೊಡೆಯುವ ಜಾಗಕ್ಕಿಂತ ಎಷ್ಟು ಮೇಲೆ? ದಾರಿ ಎಡಕ್ಕೆ ವಾಲಿದೆಯೋ ಬಲಕ್ಕೋ? ಕುತ್ತಿಗೆ ಸೀಳಬೇಕಾಗಿ ಬಂದರೆ ಅಲ್ಲಿ ರಕ್ತನಾಳವೋ ಗಂಟೋ ಅಡ್ಡ ಕೂತಿದೆಯೋ?

ಗಳಗಂಡದ ಉದಾಹರಣೆ ನೋಡಿ. ಥೈರಾಯ್ಡ್ ಗಡ್ಡೆ ಹೊರಗೆ ಉಬ್ಬಿದ್ದು ಎಲ್ಲರಿಗೂ ಕಾಣುತ್ತದೆ. ಎದೆಮೂಳೆಯ ಹಿಂದಕ್ಕೆ ಇಳಿದದ್ದು ಯಾರಿಗೂ ಕಾಣುವುದಿಲ್ಲ. ಎರಡೂ ಬದಿಯಿಂದ ಒತ್ತಡ ಬಿದ್ದರೆ ದುಂಡಗಿನ ಶ್ವಾಸನಾಳ ಕತ್ತಿಯ ಒರೆಯ ಹಾಗೆ ಚಪ್ಪಟೆಯಾಗುತ್ತದೆ. ವಯಸ್ಕ ಗಂಡಸಿನ ಶ್ವಾಸನಾಳದ ಅಗಲ 15ರಿಂದ 20 ಮಿ.ಮೀ. ಆಸುಪಾಸು. 7ನೇ ಸೈಜಿನ ಟ್ಯೂಬ್ ಎಂದರೆ ಒಳ ಅಗಲ 7 ಮಿ.ಮೀ., ಗೋಡೆಯ ದಪ್ಪ ಸೇರಿ ಹೊರಗೆ ಹತ್ತರ ಹತ್ತಿರ. ಸ್ಕ್ಯಾನಿನಲ್ಲಿ ಕಪ್ಪು ಆರೇ ಮಿಲಿಮೀಟರಿಗೆ ಇಳಿದಿದ್ದರೆ ಆ ಟ್ಯೂಬ್ ಅಲ್ಲಿ ದಾಟುವ ಭರವಸೆ ಇಲ್ಲವೆಂದು ಹಿಂದಿನ ಸಂಜೆಯೇ ಗೊತ್ತಾಗುತ್ತದೆ. ಸಪೂರ ಟ್ಯೂಬನ್ನು, ಅದರಲ್ಲೂ ಒತ್ತಡಕ್ಕೆ ಮಡಚಿಕೊಳ್ಳದಂತೆ ಒಳಗೆ ತಂತಿ ಸುತ್ತಿದ ಟ್ಯೂಬನ್ನು, ಟ್ರೇಯಲ್ಲಿ ತೆಗೆದಿಡಬಹುದು. ಕುತ್ತಿಗೆಯಲ್ಲಿ ತೂತು ಮಾಡಿದರೂ ಪ್ರಯೋಜನವಿಲ್ಲ, ಇಕ್ಕಟ್ಟು ಅದಕ್ಕಿಂತ ಕೆಳಗಿದೆ ಎಂಬುದೂ ತಿಳಿಯುತ್ತದೆ. ಎಲ್ಲರೂ ನೆಚ್ಚಿಕೊಂಡಿದ್ದ ಕೊನೆಯ ಉಪಾಯ ಈ ರೋಗಿಗೆ ಉಪಾಯವೇ ಅಲ್ಲ ಎಂಬ ಸತ್ಯ ಓಟಿಯಲ್ಲಿ ಗೊತ್ತಾಗುವುದಕ್ಕಿಂತ ಮೇಜಿನ ಮುಂದೆ ಕೂತಾಗ ಗೊತ್ತಾಗುವುದು ಮೇಲು.

ಸಂಧಿವಾತ ಬಹುಕಾಲದಿಂದ ಇರುವವರ ಕುತ್ತಿಗೆಗೆ ಹಳೆಯ ಎಕ್ಸ್–ರೇಯೇ ಸಾಕಾಗಬಹುದು. ಕುತ್ತಿಗೆ ಬಗ್ಗಿಸಿ ಪಕ್ಕದಿಂದ ತೆಗೆದ ಚಿತ್ರದಲ್ಲಿ ಮೊದಲೆರಡು ಮೂಳೆಗಳ ನಡುವಿನ ಸಂದು 3 ಮಿ.ಮೀ. ಮೀರಿದ್ದರೆ, ಟ್ಯೂಬ್ ಹಾಕಲು ತಲೆಯನ್ನು ಎತ್ತಿ ಬಗ್ಗಿಸುವ ಮಾಮೂಲಿ ಚಲನೆಯೇ ಬೆನ್ನುಹುರಿಗೆ ಅಪಾಯ.

ಇನ್ನೂ ಒಂದು ಹೆಜ್ಜೆ ಮುಂದಿನ ವಿದ್ಯೆ 'ವರ್ಚುವಲ್ ಎಂಡೋಸ್ಕೋಪಿ'. ತೆಳು ತೆಳುವಾದ ನೂರಾರು ಸಿ.ಟಿ. ಹೋಳುಗಳನ್ನು ಕಂಪ್ಯೂಟರ್ ಜೋಡಿಸಿ, ಕಪ್ಪು ಜಾಗವನ್ನೇ ಸುರಂಗವನ್ನಾಗಿಸಿ, ಅದರೊಳಗೆ ಕ್ಯಾಮೆರಾ ಸಾಗಿದಂತೆ ತೋರಿಸುತ್ತದೆ. ವೈದ್ಯರು ಮೌಸ್ ಹಿಡಿದು ಮೂಗಿನ ಹೊಳ್ಳೆಯಿಂದ ಹೊರಟು, ಅಂಗುಳಿನ ಹಿಂದೆ ಇಳಿದು, ಗಂಟನ್ನು ಬಳಸಿಕೊಂಡು ಧ್ವನಿತಂತುವಿನ ತನಕ ಹೋಗಿ ಬರಬಹುದು. ಸ್ಕ್ಯಾನ್ ಹೇಗೂ ಆಗಿದೆ, ಹೊಸದಾಗಿ ಏನೂ ತೆಗೆಸಬೇಕಿಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯ ಅರಿವಳಿಕೆ ತಜ್ಞರು ತಲೆ–ಕುತ್ತಿಗೆಯ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಸುರಂಗದ ಪಯಣವನ್ನು ಕಂಡ ಮೇಲೆ ಅನೇಕ ಸಂದರ್ಭಗಳಲ್ಲಿ ವೈದ್ಯರ ಯೋಜನೆ ಹೆಚ್ಚು ಎಚ್ಚರದ ಕಡೆಗೆ ವಾಲಿತು. ಕತ್ತಲಲ್ಲಿ ಕಾಡು ದಾಟುವವರು ಹಗಲಲ್ಲೊಮ್ಮೆ ಆ ಹಾದಿಯಲ್ಲಿ ನಡೆದು ಬಂದ ಹಾಗೆ.

ಕುತ್ತಿಗೆಯ ಮೇಲೆ ಜೆಲ್

ಸಿ.ಟಿ. ಇರುವಲ್ಲಿಗೆ ರೋಗಿ ಹೋಗಬೇಕು. ಅಲ್ಟ್ರಾಸೌಂಡ್ ರೋಗಿಯ ಹಾಸಿಗೆಗೇ ಬರುತ್ತದೆ. ಗಂಟಲಿನ ಉಬ್ಬಿನ ಕೆಳಗೆ, ಎರಡು ಮೃದುಮೂಳೆಗಳ ನಡುವೆ ತೆಳುವಾದ ಪೊರೆಯೊಂದಿದೆ. ಉಸಿರು ಪೂರ್ತಿ ಕಟ್ಟಿದಾಗ ಸೀಳಬೇಕಾದ ಜಾಗ ಅದೇ. ಸಪೂರ ಕುತ್ತಿಗೆಯಲ್ಲಿ ಬೆರಳಿಗೆ ಸಿಗುತ್ತದೆ. ದಪ್ಪ ಕುತ್ತಿಗೆಯಲ್ಲಿ, ಅದರಲ್ಲೂ ಹೆಂಗಸರಲ್ಲಿ, ಅನುಭವಿಗಳ ಬೆರಳೂ ತಪ್ಪು ಜಾಗ ತೋರಿಸುತ್ತದೆ. ಬ್ರಿಟನ್ನಿನ ಆ ಸಮೀಕ್ಷೆಯಲ್ಲಿ ತುರ್ತಿನಲ್ಲಿ ಕುತ್ತಿಗೆಗೆ ಸೂಜಿಕೊಳವೆ ಚುಚ್ಚಿದ ಪ್ರಯತ್ನಗಳಲ್ಲಿ ಸುಮಾರು ಶೇ 60ರಷ್ಟು ವಿಫಲವಾಗಿದ್ದವು. ಅದಕ್ಕೇ ಈಗ ಕಷ್ಟದ ರೋಗಿಗಳಲ್ಲಿ ಮದ್ದು ಕೊಡುವ ಮುನ್ನವೇ ಜೆಲ್ ಹಚ್ಚಿ, ಪೊರೆಯನ್ನು ಪರದೆಯ ಮೇಲೆ ಗುರುತಿಸಿ, ಚರ್ಮದ ಮೇಲೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆಯುವ ರೂಢಿ ಬಂದಿದೆ. ಆ ಗೆರೆ ಬಳಕೆಗೆ ಬರದೆ, ಸಂಜೆ ಸ್ಪಿರಿಟ್ಟಿನಲ್ಲಿ ಒರೆಸಿ ಹೋಗಲಿ ಎಂಬುದೇ ಎಲ್ಲರ ಆಸೆ. ಅದೇ ಯಂತ್ರವನ್ನು ಹೊಟ್ಟೆಯ ಮೇಲಿಟ್ಟರೆ ರೋಗಿ 'ಏನೂ ತಿಂದಿಲ್ಲ' ಎಂದದ್ದು ನಿಜವೋ ಅಲ್ಲವೋ ಎಂಬುದೂ ಕಾಣುತ್ತದೆ. ತುಂಬಿದ ಹೊಟ್ಟೆಯಲ್ಲಿ ಮತ್ತು ಬರಿಸಿದರೆ ಅನ್ನ ಶ್ವಾಸಕೋಶಕ್ಕೆ ಹೋಗಬಹುದು.

ನಮ್ಮಲ್ಲಿ ಈ ಯಂತ್ರದ ಜೊತೆ ಒಂದು ಬೋರ್ಡೂ ಬರುತ್ತದೆ: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ. 1994ರ ಕಾಯ್ದೆಯ ಪ್ರಕಾರ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಬೇಕು, ಮನಸ್ಸಿಗೆ ಬಂದ ಕಡೆಗೆ ಒಯ್ಯುವಂತಿಲ್ಲ. ಹೆಣ್ಣು ಭ್ರೂಣಗಳನ್ನು ಉಳಿಸಲು ಬಂದ ಆ ಕಾಯ್ದೆಯ ಅಗತ್ಯವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ತಾಲ್ಲೂಕು ಊರುಗಳಲ್ಲಿ ಅರಿವಳಿಕೆ ತಜ್ಞರೆಂದರೆ ಬೆಳಿಗ್ಗೆ ಒಂದು ನರ್ಸಿಂಗ್ ಹೋಮ್, ಮಧ್ಯಾಹ್ನ ಇನ್ನೊಂದು, ರಾತ್ರಿ ಸಿಸೇರಿಯನ್‌ಗೆ ಮತ್ತೊಂದು ಎಂದು ಬ್ಯಾಗು ಹಿಡಿದು ಓಡಾಡುವವರು. ಸ್ವಂತ ಲಾರಿಂಗೋಸ್ಕೋಪ್, ಸ್ವಂತ ಟ್ಯೂಬುಗಳು ಆ ಬ್ಯಾಗಿನಲ್ಲಿ ಹೋಗುತ್ತವೆ. ಅಲ್ಟ್ರಾಸೌಂಡ್ ಹೋಗುವುದಿಲ್ಲ.

ಚಿತ್ರ ಹೇಳದ್ದು

ಇಷ್ಟೆಲ್ಲ ಹೇಳಿದ ಮೇಲೆ ಚಿತ್ರವನ್ನು ಎಷ್ಟು ನಂಬಬೇಕು ಎಂಬುದನ್ನೂ ಹೇಳಬೇಕು. ಸಿ.ಟಿ. ತೆಗೆಯುವಾಗ ರೋಗಿ ಎಚ್ಚರವಾಗಿರುತ್ತಾನೆ, ಸ್ನಾಯುಗಳು ಬಿಗಿಯಾಗಿರುತ್ತವೆ. ಎಚ್ಚರದಲ್ಲಿ ತೆರೆದಿದ್ದ ಸಂದು ಮಂಪರಿನಲ್ಲಿ ಮುಚ್ಚಿಕೊಳ್ಳಬಹುದು. ಚಿತ್ರ ಒಂದು ಕ್ಷಣದ್ದು. ಧ್ವನಿತಂತು ಆಡುತ್ತಿದೆಯೋ ಇಲ್ಲವೋ ಹೇಳುವುದಿಲ್ಲ, ಗಂಟನ್ನು ಮುಟ್ಟಿದರೆ ರಕ್ತ ಬರುತ್ತದೋ ಎಂದು ಹೇಳುವುದಿಲ್ಲ, ಅಂಟಿಕೊಂಡ ಕಫವನ್ನು ಮಾಂಸವೆಂದೇ ತೋರಿಸಿಬಿಡಬಹುದು. ಕಂಪ್ಯೂಟರ್ ತೋರಿಸುವ ಸುರಂಗದ ಗುಲಾಬಿ ಬಣ್ಣ ಕಂಪ್ಯೂಟರೇ ಬಳಿದದ್ದು. ಆರು ವಾರದ ಹಿಂದಿನ ಫಿಲ್ಮು ಆರು ವಾರದ ಹಿಂದಿನ ಗಂಟಲನ್ನು ತೋರಿಸುತ್ತದೆ. ಗಂಟು ಅಷ್ಟು ದಿನ ಸುಮ್ಮನೆ ಕೂತಿರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಅಂಗಾತ ಮಲಗಿದರೆ ಉಸಿರು ಕಟ್ಟುವ ರೋಗಿಯನ್ನು ಚಿತ್ರದ ಆಸೆಗೆ ಸ್ಕ್ಯಾನ್ ಟೇಬಲ್ಲಿನ ಮೇಲೆ ಬಲವಂತವಾಗಿ ಮಲಗಿಸಬಾರದು. ಸ್ಕ್ಯಾನ್ ಯಾರಿಗೆ ತೀರಾ ಬೇಕೋ ಅವರಿಗೇ ಅದು ಅಪಾಯ ಆಗಬಹುದು. ಹಾಗೆಯೇ ಹರ್ನಿಯಾ, ಅಪೆಂಡಿಕ್ಸ್ ಎಂದು ಬರುವ ಪ್ರತಿಯೊಬ್ಬರ ಕುತ್ತಿಗೆಗೂ ಸಿ.ಟಿ. ತೆಗೆಸುವುದರಲ್ಲಿ ಅರ್ಥವಿಲ್ಲ. ಖರ್ಚೂ ಹೌದು, ವಿಕಿರಣವೂ ಹೌದು. ಹೆಚ್ಚಿನ ಪಾಲು ಬೇಕಾಗಿರುವುದು ಹೊಸ ಸ್ಕ್ಯಾನ್ ಅಲ್ಲ, ಬೇರೆ ಕಾರಣಕ್ಕೆ ಈಗಾಗಲೇ ತೆಗೆಸಿದ್ದನ್ನು ಮತ್ತೊಮ್ಮೆ ಬೇರೆ ಕಣ್ಣಿನಿಂದ ನೋಡುವುದು.

ಚಿತ್ರದ ಈ ಕೊರತೆ ತುಂಬಲು ಬಳಸುವುದು ಮೂಗಿನ ದುರ್ಬೀನು. ಮೂಗಿಗೆ ಮರಗಟ್ಟುವ ಮದ್ದು ಹಾಕಿ, ಪೆನ್ಸಿಲಿಗಿಂತ ಸಪೂರವಾದ ಬಾಗುವ ಕ್ಯಾಮೆರಾ ಇಳಿಸಿದರೆ ಧ್ವನಿತಂತು ಆಡುವುದು ಕಣ್ಣಿಗೇ ಕಾಣುತ್ತದೆ. ಅಮೆರಿಕದ ಯೇಲ್‌ನ ತಜ್ಞರು 138 ರೋಗಿಗಳಲ್ಲಿ ಹೀಗೆ ಮೊದಲೇ ಇಣುಕಿ ನೋಡಿ 2011ರಲ್ಲಿ ವರದಿ ಮಾಡಿದರು. ಶೇ 26ರಷ್ಟು ಜನರಲ್ಲಿ, ನೋಡಿದ ಮೇಲೆ ಯೋಜನೆಯೇ ಬದಲಾಗಿತ್ತು. ಕೆಲವರಿಗೆ ಅಂದುಕೊಂಡಿದ್ದಕ್ಕಿಂತ ಸುಲಭದ ದಾರಿ, ಕೆಲವರಿಗೆ ಕಷ್ಟದ್ದು.

ಧ್ವನಿ ಹೋಗುವ ಗಳಿಗೆ

ನಮ್ಮ ಯಜಮಾನರ ಬಾಯಿ ತೆರೆಯುವುದಿಲ್ಲ, ನಾಲಿಗೆಯ ಬುಡದಲ್ಲಿ ಗಂಟು, ಹಿಂದೆ ಉಳಿದಿರುವುದು ಸಣ್ಣ ಸೀಳು. ಮತ್ತು ಬರಿಸಿದರೆ ಆ ಸೀಳೂ ಮುಚ್ಚಬಹುದು. ಹಾಗಾಗಿ ಟ್ಯೂಬ್ ಮೊದಲು, ನಿದ್ದೆ ಆಮೇಲೆ. ಮೆಕ್ಯೂಯಿನ್ ಮಾಡಿದ್ದೂ ಇದನ್ನೇ. ಬೆರಳಿನ ಬದಲು ಈಗ ಕ್ಯಾಮೆರಾ ಇದೆ ಅಷ್ಟೇ. ಆ ಕ್ಯಾಮೆರಾ ಕೂಡ ಎರವಲು ಬಂದದ್ದು. 1967ರಲ್ಲಿ ಇಂಗ್ಲೆಂಡಿನ ಪೀಟರ್ ಮರ್ಫಿ ಎಂಬ ವೈದ್ಯರು ಪಿತ್ತನಾಳ ನೋಡಲೆಂದು ಮಾಡಿದ್ದ ದುರ್ಬೀನನ್ನು ಮೂಗಿನಿಂದ ಇಳಿಸಿ ಮೊದಲ ಬಾರಿಗೆ ಟ್ಯೂಬ್ ಹಾಕಿದ್ದರು.

ಆಪರೇಷನ್ ದಿನ ಓಟಿಯಲ್ಲಿ ಮೊದಲು ನಡೆಯುವುದು ಮಾತು. ತಜ್ಞೆ ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ: ಬಲ ಮೂಗಿನಿಂದ ಹೋಗುತ್ತೇವೆ, ಗಂಟು ಎಡಕ್ಕಿದೆ. ಆಗದಿದ್ದರೆ ಮತ್ತೆ ಮತ್ತೆ ಕೆದಕುವುದಿಲ್ಲ, ರೋಗಿ ಎಚ್ಚರವಾಗಿದ್ದಂತೆಯೇ ಸರ್ಜನ್ ಕುತ್ತಿಗೆಯಲ್ಲಿ ದಾರಿ ಮಾಡುತ್ತಾರೆ. ಸರ್ಜನ್ ಕೈ ತೊಳೆದು ನಿಂತಿರುತ್ತಾರೆ. ಕುತ್ತಿಗೆಯ ಮೇಲೆ ಗೆರೆ ಎಳೆದಾಗಿದೆ. ನಮ್ಮ ದೇಶದ ಅರಿವಳಿಕೆ ತಜ್ಞರ ಸಂಘಟನೆ 'ಆಲ್ ಇಂಡಿಯಾ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್' 2016ರಲ್ಲಿ ಹೊರತಂದ ಮಾರ್ಗಸೂಚಿಯ ತಿರುಳೂ ಇದೇ: ಪ್ರಯತ್ನಗಳಿಗೆ ಲೆಕ್ಕವಿರಲಿ, ಆಮ್ಲಜನಕ ಹರಿಯುತ್ತಲೇ ಇರಲಿ, ಸಹಾಯಕ್ಕೆ ಬೇಗ ಕರೆಯಿರಿ.

ಯಜಮಾನರನ್ನು ಒರಗಿಸಿ ಕೂರಿಸಿದ್ದಾರೆ. ಮೂಗಿಗೂ ಗಂಟಲಿಗೂ ಲಿಗ್ನೋಕೇನ್ ಹಾಕಿ ಮರಗಟ್ಟಿಸಲಾಗಿದೆ. ಉಗುಳು ನುಂಗಿದರೂ ನುಂಗಿದ್ದು ತಿಳಿಯದ ವಿಚಿತ್ರ ಸ್ಥಿತಿ. ತಜ್ಞೆ ಮಾತಾಡುತ್ತಲೇ ಇದ್ದಾರೆ. "ಮೂಗಲ್ಲಿ ಸ್ವಲ್ಪ ಒತ್ತಿದ ಹಾಗೆ ಆಗ್ತದೆ. ಜೋರಾಗಿ ಉಸಿರೆಳೀರಿ. ಹಾಂ, ಹಾಗೇ." ಪರದೆಯ ಮೇಲೆ ಗುಲಾಬಿ ಗೋಡೆ, ಒಂದು ತಿರುವು, ಎಡದಿಂದ ಒತ್ತಿ ಬಂದ ಗಂಟಿನ ಬೆನ್ನು. ನಿನ್ನೆ ಸಂಜೆ ಕಪ್ಪಾಗಿ ಕಂಡ ಸೀಳು ಇವತ್ತು ಬೆಳಕಿನಲ್ಲಿ ತೆರೆದುಕೊಳ್ಳುತ್ತಿದೆ. ಹೊಸ ಜಾಗ ಎನಿಸುವುದಿಲ್ಲ. ಬಲಕ್ಕೆ ತುಸು ತಿರುಗಿಸಿದರೆ ಬಿಳಿಯ ಧ್ವನಿತಂತುಗಳು, ಅವುಗಳ ನಡುವೆ ಕತ್ತಲು.

ಕ್ಯಾಮೆರಾ ದಾಟಿತು. ಅದರ ಮೇಲಿಂದ ಟ್ಯೂಬ್ ಜಾರಿತು. "ನಿಮ್ಮ ಹೆಸರು ಹೇಳಿ ಯಜಮಾನ್ರೇ" ಎಂದರು ತಜ್ಞೆ. ತುಟಿ ಆಡಿತು, ಸದ್ದು ಬರಲಿಲ್ಲ. ಟ್ಯೂಬ್ ಈಗ ಧ್ವನಿತಂತುಗಳ ನಡುವೆಯೇ ಕೂತಿದೆ. ಮಾತು ಹೋಯಿತೆಂದರೆ ಉಸಿರಿಗೆ ದಾರಿ ಸಿಕ್ಕಿತೆಂದು ಅರ್ಥ. ಮಾನಿಟರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡಿನ ಅಲೆ ಒಂದಾದ ಮೇಲೊಂದು ಎದ್ದಿತು. "ಈಗ ಮಲಗಿಸ್ತೇನೆ" ಎಂದು ತಜ್ಞೆ ಮದ್ದು ಏರಿಸಿದರು.

ಕವರಿನೊಳಗಿನ ಚೀಟಿ

ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಅಗಿದು ಅಗಿದು ಬಾಯಿ ಬಿಗಿದುಕೊಳ್ಳುವ ಕಾಯಿಲೆಯನ್ನು ವೈದ್ಯಲೋಕ ಮೊದಲು ಬರೆದಿಟ್ಟದ್ದು 1952ರಲ್ಲಿ, ಪೂರ್ವ ಆಫ್ರಿಕಾದಲ್ಲಿದ್ದ ಐವರು ಭಾರತೀಯ ಮೂಲದ ಹೆಂಗಸರನ್ನು ಪರೀಕ್ಷಿಸಿದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರಲ್ಲಿ, ತಂಬಾಕಿಲ್ಲದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೇ ಎಂದು ತೀರ್ಮಾನಿಸಿತು. ತೋಟದ ಬದುಕನ್ನೇ ನಂಬಿದ ಮನೆಗಳಿಗೆ ಇದು ನುಂಗಲಾಗದ ಮಾತು. ಆ ವಾದ ಬೇರೆಯೇ ಒಂದು ಲೇಖನಕ್ಕೆ ಇರಲಿ. ಪಿಎಸಿ ಕೋಣೆಯ ಮಟ್ಟಿಗೆ ಅರ್ಥ ಇಷ್ಟೇ: ಒಂದೂವರೆ ಬೆರಳಿನ ಬಾಯಿಗಳು ಇನ್ನೂ ಬಹಳ ವರ್ಷ ಬರುತ್ತಲೇ ಇರುತ್ತವೆ.

ಬರುವವರು ಮಾಡಬಹುದಾದದ್ದು ಸ್ವಲ್ಪ ಇದೆ. ಸ್ಕ್ಯಾನ್ ತೆಗೆಸಿದ್ದರೆ ವರದಿಯ ಕಾಗದ ಮಾತ್ರ ತಂದರೆ ಸಾಲದು, ಫಿಲ್ಮೂ ಸಿ.ಡಿ.ಯೂ ಬೇಕು, ಅದೂ ಹಿಂದಿನ ದಿನವೇ. ಮಲಗಿದರೆ ಉಸಿರು ಕಟ್ಟುತ್ತದೆಯೇ, ದನಿ ಬದಲಾಗಿದೆಯೇ, ಗೊರಕೆ ಹೊಸದಾಗಿ ಶುರುವಾಗಿದೆಯೇ ಎಂಬುದನ್ನು ಕೇಳದಿದ್ದರೂ ಹೇಳಬೇಕು. ಹಿಂದಿನ ಆಪರೇಷನ್ನಿನಲ್ಲಿ 'ಟ್ಯೂಬ್ ಹಾಕೋಕೆ ಒದ್ದಾಡಿದ್ರಂತೆ' ಎಂಬ ನೆನಪಿದ್ದರೆ ಅದು ಯಾವ ಸ್ಕ್ಯಾನಿಗಿಂತಲೂ ದೊಡ್ಡ ಸುಳಿವು.

ಆ ನೆನಪನ್ನು ರೋಗಿಯ ತಲೆಗೇ ಬಿಡಬಾರದು ಎಂಬುದು ಅರಿವಳಿಕೆಯವರು ಕಲಿತ ಪಾಠ. ನಾಲ್ಕನೆಯ ದಿನ ವಾರ್ಡಿಗೆ ಬಂದ ತಜ್ಞೆಯ ಕೈಯಲ್ಲಿ ಒಂದು ಚೀಟಿ ಇತ್ತು. ಬಾಯಿ ಎಷ್ಟು ತೆರೆಯಿತು, ಯಾವ ಮೂಗಿನಿಂದ ಹೋದರು, ಎಷ್ಟನೇ ಸೈಜಿನ ಟ್ಯೂಬ್, ಏನು ಕೈಕೊಟ್ಟಿತು, ಏನು ಫಲಿಸಿತು ಎಂದು ಮುಂದೆಂದೋ ಯಾವುದೋ ಊರಿನಲ್ಲಿ ಇವರಿಗೆ ಮತ್ತು ಬರಿಸಬೇಕಾದ, ಇನ್ನೂ ಮುಖ ಕಾಣದ ಡಾಕ್ಟರಿಗೆ ಬರೆದ ಎಂಟು ಸಾಲು. ಅದನ್ನು ಫಿಲ್ಮಿನ ಕವರಿನೊಳಗೆ ತೂರಿಸಿ ಹೆಂಡತಿಯ ಕೈಗೆ ಕೊಟ್ಟರು.

"ಎಲ್ಲಿ ಇಡ್ತೀರಿ ಇದನ್ನ? ಮಳೆಗಾಲದಲ್ಲಿ ಫಿಲ್ಮು ಒಂದಕ್ಕೊಂದು ಅಂಟಿಕೊಳ್ತದೆ, ಅಟ್ಟದ ಮೇಲೆ ಹಾಕಬೇಡಿ."

ಆಕೆ ಕವರನ್ನು ಬಟ್ಟೆಯ ಚೀಲಕ್ಕೆ ಇಳಿಸಿಕೊಂಡು ಬಾಯಿ ಕಟ್ಟಿದರು. "ತೋಟದ ಪಹಣಿ ಇಟ್ಟ ಟ್ರಂಕಿದೆ ಮೇಡಂ. ಅದರಲ್ಲೇ ಇಡ್ತೇನೆ. ಅದೊಂದನ್ನ ನಮ್ಮ ಮನೇಲಿ ಯಾರೂ ಕಳೆಯೋದಿಲ್ಲ."